ಬರಿದಲೆಯ ವೀರರು
ಜಪಾನಿನ ಸಮುರಾಯಿ ಯೋಧರ ಹಳೆಯ ಶಿರಸ್ತ್ರಾಣ, ಮುಖಕವಚಗಳ ಚಿತ್ರವೊಂದನ್ನು ನೋಡುತ್ತಿದ್ದೆ. ಕಬ್ಬಿಣದ ತಗಡುಗಳನ್ನು ಬೆಸೆದು ಮಾಡಿದ ‘ಕಬುಟೊ’. ಮುಖಕ್ಕೆ ರೌದ್ರ ಮೀಸೆಯ ‘ಮೆಂಪೊ’. ಗದ್ದದ ಕೆಳಗೆ ಬೆವರು ಇಳಿದುಹೋಗಲು ಪುಟ್ಟ ರಂಧ್ರ! ಎಂಥ ಮುಂದಾಲೋಚನೆ ನೋಡಿ.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯೂ ಕಾಳಗಗಳನ್ನು ಕಂಡದ್ದೇ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿ ದುರ್ಗದಲ್ಲಿ; 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಅಂಥ ಸೇನೆಗಳ ಸರದಾರರಿಗೆ ಶಿರಸ್ತ್ರಾಣಗಳಿದ್ದವು.

ಆದರೆ ಅದಕ್ಕೂ ಹಿಂದಿನ, ನಾನು ಕಂಡ ವೀರಗಲ್ಲುಗಳ ಮಾತೇ ಬೇರೆ. ಊರ ತುರುಗಳನ್ನು ಬಿಡಿಸಲು ಹೋಗಿ ಮಡಿದವನ ತಲೆಯ ಮೇಲೆ ಇರುವುದು ಬರಿಯ ತುರುಬು. ಕೈಯಲ್ಲಿ ಬಿಲ್ಲೋ ಕತ್ತಿಯೋ, ಮುಖ ಬಯಲು. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಅಲ್ಲಿಯೂ ಅವನದು ಬರಿದಲೆಯೇ.