ಚಿನ್ನದ ಪದರದ ಮೇಲೆ ಅಣುಗಳ ನಂಟು

ಚಳಿ ಇಳಿದು ಕಾಡು ಒಣಗತೊಡಗಿದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಮಾತು ಶುರುವಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಗುಡಿಸಿ ಬಂದವರಿಗೆ ಜ್ವರ ಕಾಣಿಸಿದರೆ ಎಷ್ಟನೇ ದಿನ ಎಂಬುದೇ ಮುಖ್ಯ ಪ್ರಶ್ನೆ. ಮೊದಲ ದಿನಗಳಲ್ಲಿ ರಕ್ತದಲ್ಲಿರುವ ವೈರಸ್ಸನ್ನು ಆರ್‌ಟಿ-ಪಿಸಿಆರ್ ಪರೀಕ್ಷೆ ಹಿಡಿಯುತ್ತದೆ. ಆಮೇಲೆ ವೈರಸ್ ಕಡಿಮೆಯಾಗಿ ಪ್ರತಿಕಾಯ ಮೂಡುತ್ತದೆ. ಆಗ ಆ ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆ ನೆರವಿಗೆ ಬರುತ್ತದೆ. ಎರಡರಲ್ಲೂ ಉತ್ತರ ಹೇಳುವುದು ಬೆಳಕೇ: ಒಂದರಲ್ಲಿ ಹೊಳಪಾಗಿ, ಇನ್ನೊಂದರಲ್ಲಿ ಬಣ್ಣವಾಗಿ.

1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದ ಎಲೈಸಾ ಅಣುಗಳ ನಂಟನ್ನು ಕಣ್ಣಿಗೆ ತೋರಿಸಿತು. ಆದರೆ ಅದಕ್ಕೆ ಗುರುತಿನ ಕಿಣ್ವ ಅಂಟಿಸಬೇಕು, ಮತ್ತೆ ಮತ್ತೆ ತೊಳೆಯಬೇಕು. ಸಡಿಲವಾಗಿ ಹಿಡಿದದ್ದು ತೊಳೆದೇ ಹೋಗುತ್ತದೆ. ಕೊನೆಗೆ ಅಂಟಿ ಉಳಿದದ್ದೆಷ್ಟು ಎಂದು ತಿಳಿಯುತ್ತದೆ. ಎಷ್ಟು ಬೇಗ ಅಂಟಿತು, ಎಷ್ಟು ಹೊತ್ತು ನಿಂತಿತು ಎಂಬುದು ತಿಳಿಯುವುದಿಲ್ಲ.

ಆ ಕೊರತೆ ತುಂಬಿದ ದಾರಿ ಭೌತಶಾಸ್ತ್ರದಿಂದ ಬಂತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮಂಗನ ಕಾಯಿಲೆ ಗುರುತಾದ 1957ರಲ್ಲೇ, ಅಮೆರಿಕದ ರೂಫಸ್ ರಿಚಿ ಲೋಹದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಅಲೆಯಾಗಿ ತುಯ್ಯಬಲ್ಲವು ಎಂದು ಲೆಕ್ಕ ಹಾಕಿ ತೋರಿಸಿದರು. 1968ರಲ್ಲಿ ಜರ್ಮನಿಯ ಒಟ್ಟೊ, ಮತ್ತು ಬೇರೆಯಾಗಿ ಕ್ರೆಚ್‌ಮನ್ ಮತ್ತು ರೇಥರ್, ಪಟ್ಟಕದ ಮೂಲಕ ಬೆಳಕು ಹಾಯಿಸಿ ಆ ಅಲೆಯನ್ನು ಎಬ್ಬಿಸಿದರು. 1983ರಲ್ಲಿ ಸ್ವೀಡನ್ನಿನ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರೋಮ್ ಅದನ್ನೇ ಜೈವಿಕ ಸಂವೇದಕವಾಗಿಸಿದರು. 1990ರಲ್ಲಿ ಇದೇ ತತ್ವದ ಬಯಾಕೋರ್ ಯಂತ್ರ ಮಾರುಕಟ್ಟೆಗೆ ಬಂತು.

ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ. ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದ ಬೆಳಕು ಆ ಎಲೆಕ್ಟ್ರಾನುಗಳ ಅಲೆಗೆ ತನ್ನ ಶಕ್ತಿ ಕೊಟ್ಟು, ಪ್ರತಿಫಲನದಲ್ಲಿ ಮಂಕಾಗುತ್ತದೆ. ಚಿನ್ನದ ಮೇಲೆ ಒಂದು ಅಣುವನ್ನು ಕೂರಿಸಿ, ಅದರ ಜೊತೆಗಾರನನ್ನು ದ್ರವದಲ್ಲಿ ಹರಿಸಿದರೆ, ಅವು ಕೂಡಿದಂತೆ ಆ ಕೋನ ಸರಿಯುತ್ತದೆ. ಗುರುತು ಅಂಟಿಸುವ ಅಗತ್ಯವಿಲ್ಲ. ಕೋನ ಸರಿಯುವುದನ್ನು ಕ್ಷಣಕ್ಷಣ ಗುರುತಿಸಿದ ರೇಖೆ ಏರಿದರೆ ಕೂಡಿಕೆ, ಇಳಿದರೆ ಅಗಲಿಕೆ. ಎರಡರ ವೇಗದಿಂದ ಹಿಡಿತದ ಬಿಗಿ ತಿಳಿಯುತ್ತದೆ.

ಕರ್ನಾಟಕದಲ್ಲೂ ಈ ವಿದ್ಯೆ ಬೇರೂರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವಧೇಶ ಸುರೋಲಿಯಾ ಅವರ ತಂಡ, ಬೆಳ್ಳುಳ್ಳಿಯ ಲೆಕ್ಟಿನ್ ಪ್ರೋಟೀನು ಮ್ಯಾನೋಸ್ ಸಕ್ಕರೆಯ ಸರಪಣಿಗಳನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಇದೇ ವಿಧಾನದಿಂದ ಅಳೆದು 2001ರಲ್ಲಿ ಪ್ರಕಟಿಸಿತು. ಅಲ್ಲೇ ಎಸ್. ಅಶೋಕನ್, ಎ.ಕೆ. ಸೂದ್ ಮತ್ತು ಸಂಗಡಿಗರು ಚಿನ್ನದ ಬದಲು ಆಪ್ಟಿಕಲ್ ಫೈಬರ್ ಹಿಡಿದರು. ಫೈಬರಿನ ಹೊರಪದರವನ್ನು ಸವೆಸಿ, ಗ್ರಾಫೀನ್ ಆಕ್ಸೈಡ್ ಲೇಪಿಸಿ, ಅಣು ಅಂಟಿದಾಗ ಬೆಳಕಿನ ತರಂಗಾಂತರ ಸರಿಯುವುದನ್ನು ಅಳೆದರು. ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೀಗೆ ಪತ್ತೆಹಚ್ಚಿದರು. ಬಯಾಕೋರ್ ದೊಡ್ಡ ಪ್ರಯೋಗಾಲಯದ ಸೊತ್ತು. ಫೈಬರು ಕೂದಲೆಳೆಯಷ್ಟು ಸಣ್ಣದು. ಉಪಕರಣ ಹಗುರಾಗುವ ದಾರಿ ಅಲ್ಲಿದೆ.

ಇದರಿಂದ ಮಲೆನಾಡಿಗೇನು? ಯಾವುದೇ ಪ್ರತಿಕಾಯ ಆಧಾರಿತ ಕಿಟ್ ಅದರೊಳಗಿನ ಪ್ರತಿಕಾಯದ ಹಿಡಿತದಷ್ಟೇ ಗಟ್ಟಿ. ಆ ಹಿಡಿತವನ್ನು ಅಳೆದು, ಒಳ್ಳೆಯದನ್ನು ಆರಿಸಿಕೊಡುವುದು ಈ ಸಂವೇದಕಗಳು. ಯಂತ್ರವನ್ನು ಹಳ್ಳಿಯ ಹತ್ತಿರ ತರಬಹುದು ಎಂಬುದಕ್ಕೂ ಸಾಕ್ಷಿಯಿದೆ: ಬೆಂಗಳೂರಿನಲ್ಲಿ ರೂಪುಗೊಂಡ ಪುಟ್ಟ ಪಿಸಿಆರ್ ಯಂತ್ರ ಟ್ರೂನ್ಯಾಟ್ ಅನ್ನು ಮಂಗನ ಕಾಯಿಲೆಗೂ ಹೊಂದಿಸಿ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಒರೆಗೆ ಹಚ್ಚಿದೆ. ಅಣುಗಳ ಕೂಡಿಕೆಯನ್ನು ಕ್ಷಣಕ್ಷಣವೂ ಅಳೆಯಬಲ್ಲ ವಿಜ್ಞಾನ ನಮ್ಮ ನಾಡಿನಲ್ಲೇ ಇದೆ. ಘಟ್ಟದ ರೋಗಿಗೆ ದಿನವೇ ನಿರ್ಣಾಯಕವಾಗಿರುವಾಗ, ಆ ವಿಜ್ಞಾನ ತಾಲ್ಲೂಕು ಆಸ್ಪತ್ರೆಯ ಮೇಜಿಗೆ ಬರಲೇಬೇಕು.