ಗೇಟಿನೊಳಗೆ ಉದ್ಯೋಗಿ, ಗೇಟಿನಾಚೆ ಫಲಾನುಭವಿ: ಸಿಎಸ್‌ಆರ್ ಕಾನೂನು ಮತ್ತು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸೇರಿ ದಾರಿಗಡ್ಡ ಕೂತರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಭವಿಷ್ಯನಿಧಿಯಲ್ಲಿ (ಪಿಎಫ್) ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆ ಅವರನ್ನು ಬೀದಿಗೆ ತಂದಿತ್ತು. 19ರಂದೇ ಸರ್ಕಾರ ಅದನ್ನು ಹಿಂಪಡೆಯಿತು. ಪಿಎಫ್ ದುಡ್ಡು ಈ ಹೆಂಗಸರಿಗೆ ಮುಪ್ಪಿನ ಗಂಟಲ್ಲ. ಮಗಳ ಮದುವೆಗೋ ಗಂಡನ ಆಪರೇಷನ್ನಿಗೋ ಕೈಸಾಲ ತೀರಿಸುವುದಕ್ಕೋ ಕೆಲಸ ಬಿಟ್ಟು ಸೆಟ್ಲ್‌ಮೆಂಟ್ ತೆಗೆದುಕೊಳ್ಳುವುದು, ಕೆಲವು ತಿಂಗಳಾದ ಮೇಲೆ ಪಕ್ಕದ ಫ್ಯಾಕ್ಟರಿಗೆ ಹೊಸಬಳಾಗಿ ಸೇರುವುದು ಇಲ್ಲಿನ ವಾಡಿಕೆ. ಸಂಬಳ ಸಾಲದ ಕಡೆ ಪಿಎಫ್ ತೇಪೆ ಹಾಕುತ್ತದೆ.

ಹೀಗೆ ಬದುಕುವವರನ್ನು ದುರ್ಬಲ ವರ್ಗವೆಂದು ಕರೆಯಲು ಯಾರೂ ಹಿಂಜರಿಯಲಾರರು. ಆದರೆ ಅವರಿಗೆ ಕೆಲಸ ಕೊಟ್ಟ ಕಂಪನಿಯ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಲೆಕ್ಕದಲ್ಲಿ ಅವರಿಗೆ ಜಾಗವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು ಎನ್ನುತ್ತದೆ. ಕೇವಲ ಉದ್ಯೋಗಿಗಳಿಗೂ ಅವರ ಕುಟುಂಬಕ್ಕೂ ಆಗುವ ಕೆಲಸ ಇದರಲ್ಲಿ ಸೇರದು ಎಂದು 2014ರ ನಿಯಮಗಳು ಹೇಳಿದವು. 2021ರ ಜನವರಿಯ ತಿದ್ದುಪಡಿ ಉದ್ಯೋಗಿ ಯಾರೆಂಬುದಕ್ಕೆ 2019ರ ವೇತನ ಸಂಹಿತೆಯ ವ್ಯಾಖ್ಯೆಯನ್ನು ಎರವಲು ತಂದಿತು. ಆ ಸಂಹಿತೆಯೇ ಆಗಿನ್ನೂ ಪೂರ್ತಿ ಜಾರಿಗೆ ಬಂದಿರಲಿಲ್ಲ ಎಂಬುದು ಬೇರೆ ಮಾತು.

ಉದ್ಯೋಗಿಗಳನ್ನು ಹೊರಗಿಡುವ ಈ ಗೆರೆಗೆ ಕಾರಣವಿದೆ. ಇಲ್ಲದಿದ್ದರೆ ಕೊಡಲೇಬೇಕಾದ ಕ್ಯಾಂಟೀನು, ಕುಡಿಯುವ ನೀರು ಎಲ್ಲವೂ ದಾನದ ಪಟ್ಟಿ ಸೇರುತ್ತಿದ್ದವು. ಆದ್ದರಿಂದ ಗೆರೆ ಅಳಿಸಬೇಕೆಂಬುದು ನನ್ನ ವಾದವಲ್ಲ. ಗೆರೆಯ ಈಚೆಗೆ ಏನು ನಡೆಯಿತೆಂದು ಕೇಳದೆಯೇ ಆಚೆಗೆ ಕೊಟ್ಟದ್ದನ್ನು ಮಾತ್ರ ಹೊಣೆಗಾರಿಕೆ ಎಂದು ಎಣಿಸುವ ರೀತಿಗೆ ನನ್ನ ತಕರಾರು.

ಒಂದು ಲೆಕ್ಕ ಹಾಕಿ ನೋಡೋಣ. 2020ರಲ್ಲಿ ರಾಜ್ಯ ಸರ್ಕಾರ ಕೋವಿಡ್ ಕಾರಣ ಹೇಳಿ ಆ ವರ್ಷದ ತುಟ್ಟಿಭತ್ಯೆಯನ್ನು ಮುಂದೂಡಿತು. ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದು ತಿಂಗಳಿಗೆ ಸುಮಾರು 417 ರೂಪಾಯಿ. ಹೈಕೋರ್ಟು ಆದೇಶಕ್ಕೆ ತಡೆ ಕೊಟ್ಟಿತಾದರೂ ಅನೇಕ ಕಾರ್ಖಾನೆಗಳಲ್ಲಿ ಬಾಕಿ ಕೈಸೇರುವ ಹೊತ್ತಿಗೆ 2022 ಬಂದಿತ್ತು. ಸಾವಿರ ಮಂದಿ ದುಡಿಯುವ ಒಂದು ಕಾಲ್ಪನಿಕ ಕಾರ್ಖಾನೆ ಈ ಮೊತ್ತವನ್ನು ಒಂದು ವರ್ಷ ಕೊಡದೆ, ಬಾಕಿಯೆಂದೂ ತೋರಿಸದೆ ಉಳಿಸಿಕೊಂಡರೆ ಅದರ ಲಾಭಕ್ಕೆ ಕೂಡುವುದು 50 ಲಕ್ಷ ರೂಪಾಯಿ. ಸಿಎಸ್‌ಆರ್ ಹೊಣೆಗೆ ಕೂಡುವುದು, ಮೂರು ವರ್ಷಗಳಲ್ಲಿ ಹಂಚಿಕೊಂಡು, ಒಂದು ಲಕ್ಷ. ಎದುರಿನ ಸರ್ಕಾರಿ ಶಾಲೆಗೆ ನೀರಿನ ಫಿಲ್ಟರ್ ಕೂರಿಸಿ ಕಂಪನಿಯ ಹೆಸರಿನ ಫಲಕ ಹಾಕಿಸಲು ಅಷ್ಟು ಧಾರಾಳ ಸಾಕು. ಆ ಶಾಲೆಯಲ್ಲಿ ಕಲಿಯುವವರಲ್ಲಿ ಅದೇ ಕಾರ್ಖಾನೆಯ ಟೇಲರುಗಳ, ಹೆಲ್ಪರುಗಳ ಮಕ್ಕಳಿರಬಹುದು. ಲಾಭವೆಂಬುದು ಕೂಲಿ ಕೊಟ್ಟ ಮೇಲೆ ಉಳಿದದ್ದು. ಕೂಲಿ ಕಡಿಮೆಯಾದಷ್ಟೂ ಔದಾರ್ಯದ ಮೊತ್ತ ಏರುವಂತೆ ಈ ಸೂತ್ರವೇ ಹೆಣೆದುಕೊಂಡಿದೆ.

ಶಿಶುವಿಹಾರದ ವಿಷಯದಲ್ಲಿ ಈ ತೊಡಕು ಇನ್ನೂ ಹತ್ತಿರದಿಂದ ಕಾಣುತ್ತದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕು ಕೊಟ್ಟಿತು. ಆದರೆ ಲೈನಿನ ತಲೆಯಲ್ಲಿ ಗಂಟೆಗಂಟೆಗೂ ಟಾರ್ಗೆಟ್ ಎಷ್ಟು, ಆದದ್ದೆಷ್ಟು ಎಂದು ಬರೆಯುವ ಬೋರ್ಡಿದೆ. ಕಾಲರ್ ಕೂಡಿಸುವವಳು ಹತ್ತು ನಿಮಿಷ ಎದ್ದುಹೋದರೆ ಹಿಂದಿನವಳ ಪೀಸುಗಳು ಅವಳ ಮೆಷಿನ್ ಮುಂದೆ ಗುಡ್ಡೆಯಾಗುತ್ತವೆ, ಮುಂದಿನವಳು ಕೈಕಟ್ಟಿ ಕೂರುತ್ತಾಳೆ, ಸೂಪರ್‌ವೈಸರ್ ದನಿ ಏರುತ್ತದೆ. ಅವಳ ಜಾಗಕ್ಕೆ ಕೂರಲು ಬದಲಿ ಟೇಲರ್ ಇಲ್ಲದ ಕಡೆ ಕೋಣೆ, ತೊಟ್ಟಿಲು, ಆಯಾ ಎಲ್ಲ ಇದ್ದೂ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಬದಲಿಯವಳ ಸಂಬಳ ಸಿಎಸ್‌ಆರ್ ಅಲ್ಲ, ಉತ್ಪಾದನಾ ವೆಚ್ಚ. ಅದೇ ಕಂಪನಿ ಬೀದಿಯಾಚೆಯ ಅಂಗನವಾಡಿಗೆ ಬಣ್ಣ ಬಳಿಸಿದರೆ ಅದು ಸಿಎಸ್‌ಆರ್. ಉದ್ಯೋಗಿಗಳ ಮಕ್ಕಳೂ ಅಲ್ಲಿ ಪ್ರಾಸಂಗಿಕವಾಗಿ ಪ್ರಯೋಜನ ಪಡೆದರೆ ಅಡ್ಡಿಯಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ.

ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಬಿಆರ್‌ಎಸ್‌ಆರ್ ವರದಿ ಈ ಗೆರೆಯನ್ನು ಸ್ವಲ್ಪ ದಾಟುತ್ತದೆ. ಎಷ್ಟು ಮಂದಿಗೆ ಕನಿಷ್ಠ ವೇತನವಷ್ಟೇ, ಎಷ್ಟು ಮಂದಿಗೆ ಅದಕ್ಕಿಂತ ಹೆಚ್ಚು ಎಂದು ಅದು ಕೇಳುತ್ತದೆ. ಆದರೆ ಅದು ಅನ್ವಯಿಸುವುದು ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಿಗೆ. ಪೀಣ್ಯ, ಬೊಮ್ಮನಹಳ್ಳಿಯ ಪ್ರೈವೇಟ್ ಲಿಮಿಟೆಡ್ ಕಾರ್ಖಾನೆಗಳು ಆ ಪಟ್ಟಿಗೆ ಬರುವುದಿಲ್ಲ.

ಗೆರೆಯ ಎರಡೂ ಬದಿಯನ್ನು ಒಟ್ಟಿಗೆ ಕಾಣಿಸಲು ಹೊಸ ಕಾಯ್ದೆ ಬೇಕಿಲ್ಲ. ಪಿಎಫ್, ಇಎಸ್‌ಐ ಬಾಕಿ ಆರು ತಿಂಗಳು ಮೀರಿದ್ದರೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಕಾಣಿಸಬೇಕೆಂಬ ನಿಯಮ ಈಗಲೂ ಇದೆ. ಆ ಸಾಲಿಗೆ ಕನಿಷ್ಠ ವೇತನ, ತುಟ್ಟಿಭತ್ಯೆ, ಗ್ರಾಚ್ಯುಟಿಗಳ ಬಾಕಿಯನ್ನು ಹೆಸರು ಹಿಡಿದು ಸೇರಿಸಿ, ಅಷ್ಟನ್ನೂ ಸಿಎಸ್‌ಆರ್ ವರದಿಯ ಮೊದಲ ಪುಟದಲ್ಲೇ ನಮೂದಿಸುವಂತೆ ಮಾಡಬಹುದು. ಎರಡೂ ವರದಿಗಳು ಒಂದೇ ವಾರ್ಷಿಕ ವರದಿಯ ಹೊದಿಕೆಯೊಳಗಿವೆ. ನಡುವೆ ಇರುವುದು ಹತ್ತಾರು ಪುಟಗಳಷ್ಟೆ.