ಕಲಿಯುವವರ ಕೈಯಲ್ಲಿ ಚಿಕಿತ್ಸೆ: ವಿಶ್ವವಿದ್ಯಾಲಯದ ತರಬೇತಿ ಚಿಕಿತ್ಸಾಲಯ ಮತ್ತು ಮಾನಸಿಕ ಆಘಾತ

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳು ತಮ್ಮದೇ ಚಿಕಿತ್ಸಾಲಯಗಳನ್ನು ನಡೆಸುತ್ತವೆ. ಅಲ್ಲಿ ಎದುರಿಗೆ ಕುಳಿತು ಆಪ್ತಸಮಾಲೋಚನೆ ನಡೆಸುವವರು ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಗಳು, ಅವರ ಬೆನ್ನಿಗೆ ನಿಂತು ಹೊಣೆ ಹೊರುವವರು ಅನುಭವಿ ಅಧ್ಯಾಪಕರು. ಅತ್ಯಾಚಾರ, ಅಪಘಾತ, ಯುದ್ಧ, ಬಾಲ್ಯದ ಹಿಂಸೆ ಮೊದಲಾದವುಗಳಿಂದ ಉಂಟಾದ ಮಾನಸಿಕ ಆಘಾತಕ್ಕೆ ಕೈಗೆಟುಕುವ ದರದಲ್ಲಿ ಚಿಕಿತ್ಸೆ ಬೇಕೆನ್ನುವವರಿಗೆ ಇವು ಮುಖ್ಯ ಆಸರೆಗಳಲ್ಲಿ ಒಂದು, ಏಕೆಂದರೆ ಇಲ್ಲಿನ ಶುಲ್ಕ ಬಹುಮಟ್ಟಿಗೆ ಬಂದವರ ವರಮಾನವನ್ನು ನೋಡಿ ನಿಗದಿಯಾಗುತ್ತದೆ. ಈ ಅಗ್ಗದ ದರವನ್ನು ಧರ್ಮಕಾರ್ಯವೆಂದು ಬಗೆಯುವುದು ಸುಲಭವಾದರೂ ಚರಿತ್ರೆ ಅದಕ್ಕೆ ಅಷ್ಟಾಗಿ ಪುಷ್ಟಿ ಕೊಡುವುದಿಲ್ಲ. ಕಲಿಸುವುದಕ್ಕೆ ರೋಗಿಗಳು ಬೇಕಾದ್ದರಿಂದಲೇ ದರ ಇಳಿಯಿತು, ಮತ್ತು ಆ ಕೊಡುಕೊಳೆಯೊಳಕ್ಕೆ ಆಘಾತವೆಂಬ ವಿಷಯ ಬಹಳ ತಡವಾಗಿ ಬಂದು ಸೇರಿತು.

ಇಂಥ ಚಿಕಿತ್ಸಾಲಯಗಳಲ್ಲಿ ಮೊದಲನೆಯದು 1896ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದನ್ನು ಸ್ಥಾಪಿಸಿದ ಲೈಟ್ನರ್ ವಿಟ್ಮರ್ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್‌ನ ಕೈಕೆಳಗೆ ಪ್ರಯೋಗಾತ್ಮಕ ಮನೋವಿಜ್ಞಾನ ಕಲಿತು ಬಂದವನು. ಅವನ ತರಗತಿಗೆ ಬರುತ್ತಿದ್ದ ಮಾರ್ಗರೆಟ್ ಮ್ಯಾಗೈರ್ ಎಂಬ ಶಾಲಾ ಶಿಕ್ಷಕಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಕಾಗುಣಿತ ಮಾತ್ರ ಹತ್ತದ 14 ವರ್ಷದ ಹುಡುಗನೊಬ್ಬನನ್ನು ಕರೆತಂದು, ಮನೋವಿಜ್ಞಾನ ನಿಜಕ್ಕೂ ಉಪಯೋಗದ ವಿದ್ಯೆಯಾಗಿದ್ದರೆ ಈ ಹುಡುಗನಿಗೆ ನೆರವಾಗಬೇಕೆಂಬ ಸವಾಲನ್ನು ಅವನ ಮುಂದಿಟ್ಟಳು. ಹುಡುಗನ ಕಣ್ಣಿನಲ್ಲಿಯೇ ದೋಷವಿರುವುದನ್ನು ವಿಟ್ಮರ್ ಗುರುತಿಸಿದ. ಕನ್ನಡಕ ಬಂತು, ಆಮೇಲೆ ಓದು ಬರಹದ ವಿಶೇಷ ಅಭ್ಯಾಸ ನಡೆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಅವನು ಮಕ್ಕಳ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕಣ್ಣೆದುರೇ ನಡೆಸಿ ತೋರಿಸತೊಡಗಿದ. ಚಿಕಿತ್ಸೆಯೂ ಪಾಠವೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿನಲ್ಲಿ ನಡೆಯುವ ಈ ಏರ್ಪಾಡೇ ಮುಂದಿನದಕ್ಕೆಲ್ಲ ಅಡಿಪಾಯ. 1907ರಲ್ಲಿ ತಾನೇ ಹೊರಡಿಸಿದ ಪತ್ರಿಕೆಯಲ್ಲಿ ವಿಟ್ಮರ್ ಈ ಹೊಸ ಶಾಖೆಗೆ ಕ್ಲಿನಿಕಲ್ ಸೈಕಾಲಜಿ ಎಂದು ಹೆಸರಿಟ್ಟ. ಆದರೆ ಅವನ ಗಮನವೆಲ್ಲ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಮೇಲೆ. ಮನಸ್ಸಿನ ಗಾಯದ ಮಾತು ಅಲ್ಲಿ ವಿರಳ.

ಈ ಪುಟ್ಟ ಪ್ರಯೋಗವನ್ನು ದೇಶವ್ಯಾಪಿ ವ್ಯವಸ್ಥೆಯಾಗಿ ಬೆಳೆಸಿದ್ದು ಎರಡನೆಯ ಮಹಾಯುದ್ಧ. ರಣರಂಗದಿಂದ ಮರಳಿದ ಸೈನಿಕರಲ್ಲಿ ಮಾನಸಿಕ ತೊಂದರೆಯುಳ್ಳವರ ಸಂಖ್ಯೆ ದೊಡ್ಡದಿತ್ತು, ಅವರನ್ನು ನೋಡಿಕೊಳ್ಳಲು ತಕ್ಕ ತಜ್ಞರಿರಲಿಲ್ಲ. ಹೀಗಾಗಿ ಮಾಜಿ ಸೈನಿಕರ ಯೋಗಕ್ಷೇಮ ನೋಡುವ ಸರ್ಕಾರಿ ಆಡಳಿತವು 1946ರಲ್ಲಿ 22 ವಿಶ್ವವಿದ್ಯಾಲಯಗಳೊಡನೆ ಕೈಜೋಡಿಸಿ, ಸುಮಾರು 200 ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ತರಬೇತಿ ಆರಂಭಿಸಿತು. ಕೊಲರಾಡೊದ ಬೋಲ್ಡರ್ ಊರಿನಲ್ಲಿ 1949ರಲ್ಲಿ ನಡೆದ ಸಮ್ಮೇಳನವು, ಡಾಕ್ಟರೇಟ್ ಪಡೆಯುವವನು ಸಂಶೋಧಕನೂ ಚಿಕಿತ್ಸಕನೂ ಆಗಿರಬೇಕೆಂದು ತೀರ್ಮಾನಿಸಿತು. ರೋಗಿಗಳನ್ನು ನೋಡದೆ ಪದವಿಯಿಲ್ಲವೆಂದ ಮೇಲೆ ನೋಡುವುದಕ್ಕೊಂದು ಜಾಗ ವಿಭಾಗದಲ್ಲಿಯೇ ಇರಬೇಕಾಯಿತು.

ವಿದ್ಯಾರ್ಥಿಯ ಕೈಗೆ ನೊಂದವರನ್ನು ಒಪ್ಪಿಸಬೇಕಾದರೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಗುರುವಿಗೆ ತಿಳಿಯಬೇಕು. ಈ ತೊಡಕನ್ನು ಬಿಡಿಸುವಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಲ್ ರಾಜರ್ಸ್‌ನ ಪಾತ್ರ ದೊಡ್ಡದು. 1940ರ ದಶಕದ ಆರಂಭದಲ್ಲಿ ಅವನೂ ಅವನ ವಿದ್ಯಾರ್ಥಿಗಳೂ ಸಮಾಲೋಚನೆಯ ಮಾತುಕತೆಯನ್ನು ಧ್ವನಿಮುದ್ರಿಸತೊಡಗಿದರು. ಟೇಪು ಇನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ ಮಾತು ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಗಬೇಕಿತ್ತು, ಒಂದು ಮುಖ ಸುಮಾರು ಮೂರು ನಿಮಿಷಕ್ಕೆ ತುಂಬಿಹೋಗುತ್ತಿದ್ದುದರಿಂದ ಮತ್ತೆ ಮತ್ತೆ ತಟ್ಟೆ ಬದಲಿಸಬೇಕಿತ್ತು. ಇಷ್ಟು ಪಾಡುಪಟ್ಟು ಸೆರೆಹಿಡಿದ ಎಂಟು ಭೇಟಿಗಳ ಪೂರ್ಣ ಪಾಠ, ಹರ್ಬರ್ಟ್ ಬ್ರಯನ್ ಎಂಬ ಕಲ್ಪಿತ ಹೆಸರಿನಲ್ಲಿ, ರಾಜರ್ಸ್‌ನ 1942ರ ಪುಸ್ತಕದಲ್ಲಿ ಪ್ರಕಟವಾಯಿತು. ಇಂದಿಗೂ ತರಬೇತಿ ಚಿಕಿತ್ಸಾಲಯದಲ್ಲಿ ಭೇಟಿಯ ಧ್ವನಿ ಅಥವಾ ದೃಶ್ಯವನ್ನು ಮುದ್ರಿಸಲು ಬಂದವರ ಒಪ್ಪಿಗೆ ಪಡೆಯುವುದು ವಾಡಿಕೆ. ಕಡಿಮೆ ಹಣ ಕೊಡುವವರು ತಮ್ಮ ಗುಟ್ಟನ್ನು ಇನ್ನೊಬ್ಬರ ಕಿವಿಗೂ ಬೀಳಗೊಡುತ್ತಾರೆ ಎಂಬುದೇ ಈ ವ್ಯವಹಾರದ ತಿರುಳು. ಅದನ್ನು ಉಪಕಾರವೆಂದು ಕರೆದರೆ ಬಂದವರು ತೆರುವ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಆಘಾತಕ್ಕೆ ಪ್ರತ್ಯೇಕ ಮಾನ್ಯತೆ ದೊರೆತದ್ದು ವಿಶ್ವವಿದ್ಯಾಲಯದ ಹೊರಗಿನ ಒತ್ತಡದಿಂದ. ವಿಯೆಟ್ನಾಂನಿಂದ ಮರಳಿದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ತಾವೇ ಗುಂಪುಗೂಡಿ, ಕೆಲವು ಮನೋವೈದ್ಯರನ್ನು ಜೊತೆಗಿಟ್ಟುಕೊಂಡು, ಕಂಡದ್ದನ್ನು ಹೇಳಿಕೊಳ್ಳತೊಡಗಿದರು. 1974ರಲ್ಲಿ ದಾದಿವಿದ್ಯೆಯ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಇಬ್ಬರೂ, ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಅತ್ಯಾಚಾರ ಸಂತ್ರಸ್ತೆಯರನ್ನು ಮಾತನಾಡಿಸಿ, ಅವರ ಭಯ, ದುಃಸ್ವಪ್ನ, ಬೆಚ್ಚಿಬೀಳುವಿಕೆಗಳಲ್ಲಿ ಒಂದು ಕ್ರಮವಿರುವುದನ್ನು ವಿವರಿಸಿದರು. ಇವೆಲ್ಲದರ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಮೂರನೆಯ ಆವೃತ್ತಿಗೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಘಟನೆ ಕಳೆದ ಮೇಲೂ ಅದರ ನೆನಪು ಬಿಡದೆ ಕಾಡುವ ಸ್ಥಿತಿ, ಸೇರ್ಪಡೆಯಾಯಿತು.

ಹೆಸರು ಬಂದ ಮೇಲೆ ಕ್ರಮಬದ್ಧ ಚಿಕಿತ್ಸೆಗಳು ಬಂದವು. ನೆನಪನ್ನು ತಪ್ಪಿಸಿಕೊಳ್ಳದೆ ಮತ್ತೆ ಮತ್ತೆ ಎದುರಿಸುವ ವಿಧಾನವನ್ನು ಎಡ್ನಾ ಫೋಆ ಬೆಳೆಸಿದರೆ, ಸೇಂಟ್ ಲೂಯಿಯ ಮಿಸೂರಿ ವಿಶ್ವವಿದ್ಯಾಲಯದಲ್ಲಿದ್ದ ಪೆಟ್ರೀಶಿಯಾ ರೆಸಿಕ್, ಘಟನೆಯ ಅರ್ಥವೇನೆಂದು ರೋಗಿಯಿಂದಲೇ ಬರೆಯಿಸಿ, ತಪ್ಪು ತನ್ನದೇ ಎಂಬಂಥ ಗಟ್ಟಿಯಾದ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವ, ಸಾಮಾನ್ಯವಾಗಿ 12 ಭೇಟಿಗಳ ಕ್ರಮವನ್ನು ರೂಪಿಸಿದರು. ಈ ಭೇಟಿಗೆ ಇದೇ ಕೆಲಸ, ಮುಂದಿನದಕ್ಕೆ ಇದೇ ಮನೆಗೆಲಸ ಎಂದು ಬರೆದಿಟ್ಟ ಕೈಪಿಡಿಯಿರುವ ಚಿಕಿತ್ಸೆಯನ್ನು ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯೂ ಕೊಡಬಲ್ಲ. ತರಬೇತಿ ಚಿಕಿತ್ಸಾಲಯವು ಆಘಾತದಂಥ ಸೂಕ್ಷ್ಮ ಕೆಲಸಕ್ಕೆ ಕೈಹಾಕುವುದು ಇದರಿಂದಲೇ ಸುಲಭವಾಯಿತೆನ್ನಬೇಕು. ಆದರೂ ಕಾಲೇಜಿನ ಪಂಚಾಂಗ ಗಾಯದ ಪಂಚಾಂಗಕ್ಕೆ ಹೊಂದುವುದಿಲ್ಲ. ವರ್ಷ ಮುಗಿದರೆ ವಿದ್ಯಾರ್ಥಿ ಇಂಟರ್ನ್‌ಶಿಪ್‌ಗೆಂದು ಬೇರೆ ಊರಿಗೆ ಹೊರಡುತ್ತಾನೆ, ಒಮ್ಮೆ ಕಷ್ಟಪಟ್ಟು ಹೇಳಿಕೊಂಡವರು ಹೊಸಬರ ಮುಂದೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ಇದೇ ಬಗೆಯ ತರಬೇತಿ ಬೇರೆ ದಾರಿ ಹಿಡಿಯಿತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೊಂದಿಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಜೊತೆಗೂಡಿತು, ಮರುವರ್ಷವೇ ಅಲ್ಲಿ ಮನೋವಿಜ್ಞಾನದ ಪದವೀಧರರಿಗೆ ಡಿಪ್ಲೊಮಾ ಆರಂಭವಾಯಿತು. 1974ರಲ್ಲಿ ಇವೇ ಸೇರಿ ನಿಮ್ಹಾನ್ಸ್ ಆದವು. ಇಲ್ಲಿ ಕಲಿಕೆ ನಡೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ, ದರ ಕಡಿಮೆಯಿದ್ದದ್ದು ಅದು ಸರ್ಕಾರಿ ಆಸ್ಪತ್ರೆಯಾದ್ದರಿಂದ. 1981ರ ಫೆಬ್ರುವರಿಯಲ್ಲಿ ನಗರದ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಸತ್ತಾಗ ಅವರ ಕುಟುಂಬಗಳ ಶೋಕವನ್ನು ಈ ಸಂಸ್ಥೆಯವರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ಬಳಿಕವಂತೂ ಆಘಾತಕ್ಕೊಳಗಾದವರ ಸಂಖ್ಯೆ ಯಾವ ಚಿಕಿತ್ಸಾಲಯಕ್ಕೂ ಮೀರಿದ್ದಾಗಿತ್ತು, ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಆ ಊರಿನಲ್ಲಿ ಆಗಲೇ ಕೆಲಸದಲ್ಲಿದ್ದ ಸಾಮಾನ್ಯ ವೈದ್ಯಾಧಿಕಾರಿಗಳನ್ನೇ ಕೂರಿಸಿಕೊಂಡು ಮನಸ್ಸಿನ ನೋವನ್ನು ಗುರುತಿಸಿ ಆರೈಕೆ ಮಾಡುವುದನ್ನು ಕಲಿಸಿದರು.